ಎರಡೂವರೆ ಸಾವಿರ ಮೊಟ್ಟೆ, ಒಂದು ಸೀಟು

ಬೆಳಗಿನ ಐದು ಗಂಟೆ. ಮೊಟ್ಟೆ ಮಂಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಒಂದೇ ಟ್ಯೂಬ್‌ಲೈಟು, ಅದರ ಕೆಳಗೆ ಎದೆಮಟ್ಟಕ್ಕೆ ಪೇರಿಸಿದ ಟ್ರೇಗಳು, ಟ್ರೇಗಳ ಮುಂದೆ ಬಗ್ಗಿ ನಿಂತ ಒಬ್ಬ ಹೆಂಗಸು. ವಯಸ್ಸು ಐವತ್ತಮೂರು. ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ. ಆಕೆ ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಮೆಲ್ಲಗೆ ತಾಗಿಸುತ್ತಾರೆ. ಟಿಣ್ ಅಂದರೆ ಸರಿ. ಟಪ್ ಅಂದರೆ ಎರಡರಲ್ಲೊಂದು ಬಿರುಕು ಬಿಟ್ಟಿದೆ. ಕಣ್ಣಿಗೆ ಮಾತ್ರ ಎರಡೂ ಮರ್ಯಾದಸ್ಥ ಮೊಟ್ಟೆಗಳೇ.

"ಚೆನ್ನಾಗಿ ಕಾಣೋದನ್ನೇ ಮೊದಲು ವಿಚಾರಿಸ್ಕೋಬೇಕು" ಅನ್ನುತ್ತಾರೆ ಆಕೆ. "ಪೂರ್ತಿ ಒಡೆದಿದ್ದು ತಾನೇ ಸೋರಿ ಹೇಳುತ್ತೆ. ಒಡೆದೂ ಸುಮ್ನೆ ಕೂತಿರುತ್ತಲ್ಲ, ಅದರದ್ದೇ ಕಾಟ."

ಬೀದಿಗೆಲ್ಲ ಆಕೆ ಮೊಟ್ಟೆಯಕ್ಕ. ನಾಲ್ಕು ಬೇಕರಿ, ಐದು ಹೋಟೆಲು, ಒಂದು ಹಾಸ್ಟೆಲು, ಎರಡು ಅಂಗಡಿ, ಹೀಗೆ ಹನ್ನೆರಡು ಬಾಗಿಲಿಗೆ ಹತ್ತೊಂಬತ್ತು ವರ್ಷದಿಂದ ಮೊಟ್ಟೆ ತಲುಪಿಸುವವರು ಅವರೇ. ವಾಹನ ಮೂರು ಚಕ್ರದ ತುಳಿಯುವ ಗಾಡಿ: ಮುಂದೆ ಸೈಕಲ್, ಹಿಂದೆ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಎಡಕ್ಕೆ ಮೂರು ಸಾಲು, ಬಲಕ್ಕೆ ಮೂರು ಸಾಲು, ಪ್ರತಿ ಸಾಲಲ್ಲೂ ಏಳು ಟ್ರೇ. ಒಂದು ಟ್ರೇಗೆ ಮೂವತ್ತರಂತೆ ಒಂದು ಸುತ್ತಿಗೆ ಸಾವಿರದ ಇನ್ನೂರ ಅರವತ್ತು ಮೊಟ್ಟೆ. ದಿನಕ್ಕೆ ಎರಡು ಸುತ್ತು, ಒಟ್ಟು ಹದಿನೆಂಟು ಕಿಲೋಮೀಟರ್. ಈ ಲೆಕ್ಕದಲ್ಲಿ ಇದುವರೆಗೆ ಒಂದು ಕೋಟಿ ಮೊಟ್ಟೆ ದಾಟಿರಬೇಕಲ್ಲ ಎಂದರೆ ಆಕೆ ಹುಬ್ಬೇರಿಸುತ್ತಾರೆ. ಎಣಿಸಿದವರು ಯಾರು ಅಂತ ಕೇಳುತ್ತಾರೆ.

ಹೀಗೆ ಕೇಳುವುದು ಅವರ ಜಾಯಮಾನ. ಮೊಟ್ಟೆಯಕ್ಕನ ಅನುಮಾನಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಗಡಿಯಾರವನ್ನು ಇನ್ನೊಂದು ಗಡಿಯಾರ ನೋಡದೆ ಒಪ್ಪುವುದಿಲ್ಲ. ಹಾಲಿನವನು ಗುಡ್ ಮಾರ್ನಿಂಗ್ ಅಂದರೆ ಇವತ್ತು ಹಾಲಿಗೆ ಏನು ಸೇರಿಸಿದ್ದಾನೋ ಎಂದು ಪಾತ್ರೆ ಬಗ್ಗಿಸಿ ನೋಡುತ್ತಾರೆ. ಮದುವೆಯಾದ ಹೊಸತರಲ್ಲಿ ಗಂಡ ಹೊಗಳಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರಂತೆ. ಗಂಡನೇ ಹೇಳುವ ಮಾತಿದು. ಆತ ದರ್ಜಿ, ಮನೆಯ ಮುಂಗೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟುಗಳ ಸೊಂಟ ಬಿಗಿ ಮಾಡುವುದು, ಸಡಿಲ ಮಾಡುವುದು ಅವರ ಕೆಲಸ. ಹೊಗಳುವ ಅಭ್ಯಾಸವನ್ನು ಆವತ್ತೇ ಬಿಟ್ಟರಂತೆ.

ಇಂಥ ಸ್ವಭಾವದವರ ಕೈಯಲ್ಲಿ ಮೊಟ್ಟೆ ಕ್ಷೇಮವಾಗಿತ್ತು. ದಿನಕ್ಕೆ ಒಂದೋ ಎರಡೋ ಒಡೆಯುವುದು ಮಂಡಿಯಲ್ಲಿ ಲೆಕ್ಕಕ್ಕೇ ಬಾರದ ಸಂಗತಿ. ಈ ವರ್ಷದ ಆರಂಭದಲ್ಲಿ ಅದು ಐದಾಯಿತು, ಎಂಟಾಯಿತು, ಒಂದು ದಿನ ಹದಿಮೂರಾಯಿತು. ಮಂಡಿಯ ಯಜಮಾನರು ಗಟ್ಟಿಯಾಗಿ ಮಾತಾಡುವವರಲ್ಲ. ಕೋಪ ಬಂದರೆ ಕನ್ನಡಕ ತೆಗೆದು ಒರೆಸುತ್ತಾರೆ. ಆ ದಿನ ಎರಡು ಸಲ ಒರೆಸಿದರು. ಮೋಟಾರು ವ್ಯಾನಿನವನೊಬ್ಬ ಹನ್ನೆರಡೂ ಬಾಗಿಲನ್ನು ಒಂದೇ ಸುತ್ತಿನಲ್ಲಿ ಮುಗಿಸಿಕೊಡುತ್ತೇನೆ ಎಂದು ಕೇಳುತ್ತಿದ್ದಾನೆ. ತಿಂಗಳ ಕೊನೆಯವರೆಗೆ ನೋಡುತ್ತೇನೆ, ಒಡೆಯುವುದು ಮೂರಕ್ಕಿಂತ ಕೆಳಗೆ ಇಳಿಯದಿದ್ದರೆ ವ್ಯಾನಿಗೇ ಒಪ್ಪಿಸುತ್ತೇನೆ ಎಂದು ಹೇಳಿದರು. ಆವತ್ತು ತಾರೀಖು ಆರು.

ಮೊಟ್ಟೆಯಕ್ಕ ಮೊದಲು ಅನುಮಾನಿಸಿದ್ದು ವ್ಯಾನಿನವನನ್ನು. ಆತ ರಾತ್ರಿ ಮಂಡಿಗೆ ನುಗ್ಗಿ ಮೊಟ್ಟೆಗಳಿಗೆ ಬಿರುಕು ಬರಿಸಿ ಹೋಗುತ್ತಾನೆ ಎಂಬ ಅವರ ವಾದಕ್ಕೆ ಗಂಡನಿಂದಲೂ ಬೆಂಬಲ ಸಿಗಲಿಲ್ಲ. ಆಮೇಲೆ ಟ್ರೇ ತುಂಬುವ ಹಮಾಲಿ. ಅವನ ಮೇಲೆ ಎರಡು ದಿನ ಕಣ್ಣಿಟ್ಟರು. ಅವನು ಮೊಟ್ಟೆಯನ್ನು ತನ್ನ ಮಗುವಿಗಿಂತ ಹುಷಾರಾಗಿ ಎತ್ತುತ್ತಿದ್ದ. ಕೊನೆಗೆ ಉಳಿದದ್ದು ಮೂಲೆ ಬೇಕರಿಯವನು. ಹೆಚ್ಚು ಒಡಕು ವರದಿಯಾಗುತ್ತಿದ್ದದ್ದು ಅವನಲ್ಲೇ. ತನ್ನ ಹಳೇ ಒಡಕು ಮೊಟ್ಟೆಗಳನ್ನು ಇವರ ಟ್ರೇಗೆ ಸೇರಿಸಿ ಬದಲಿ ಕೇಳುತ್ತಾನೆ ಎಂದು ಗಟ್ಟಿ ಮಾಡಿಕೊಂಡ ಆಕೆ ಒಂದು ಬೆಳಿಗ್ಗೆ ಬೇಗ ಬಂದು ಎಲ್ಲ ಟ್ರೇಗಳ ಅಂಚಿಗೂ ಇದ್ದಿಲಲ್ಲಿ ಗುರುತು ಹಾಕಿದರು. ಯಾವ ಸಾಲು, ಮೇಲಿನಿಂದ ಎಷ್ಟನೆಯದು, ಎಡವೋ ಬಲವೋ, ಎಲ್ಲ. ನಾಲ್ಕು ದಿನ ಹೀಗೆ ನಡೆಯಿತು.

ಗುರುತು ಸತ್ಯ ಹೇಳಿತು, ಆದರೆ ಆಕೆ ಬಯಸಿದ ಸತ್ಯವನ್ನಲ್ಲ. ಒಡೆದ ಮೊಟ್ಟೆಗಳೆಲ್ಲ ಬಲಗಡೆಯ ಸಾಲಿನವು, ಅದರಲ್ಲೂ ತಳದ ಎರಡು ಟ್ರೇಗಳವು. ಬೇಕರಿಯವನು ಎಷ್ಟೇ ಕಿಲಾಡಿಯಾದರೂ ನಾಲ್ಕು ದಿನವೂ ಬಲದ ತಳಕ್ಕೇ ಕೈ ಹಾಕುವಷ್ಟು ಶಿಸ್ತಿನವನಲ್ಲ. ಐದನೆಯ ದಿನ ಮೊಟ್ಟೆಯಕ್ಕ ದಾರಿಯುದ್ದಕ್ಕೂ ಕಿವಿ ಹಿಂದಕ್ಕೆ ಕೊಟ್ಟುಕೊಂಡು ತುಳಿದರು. ಶಾಲೆ ಗೇಟಿನ ಮುಂದಿನ ಉಬ್ಬು ದಾಟುವಾಗ ಹಿಂದಿನಿಂದ ಸಣ್ಣಗೆ ಸದ್ದು ಬಂತು. ಗಾಡಿ ನಿಲ್ಲಿಸಿ ಇಳಿಯಹೋದರೆ ಎಡಗಾಲು ಒಪ್ಪಲಿಲ್ಲ. ಸೊಂಟದಿಂದ ಕೆಳಗೆ ಜೋಮು ಹಿಡಿದು ಮರದ ಕೊರಡಿನಂತಾಗಿತ್ತು. ಎಷ್ಟು ಹೊತ್ತಿನಿಂದ ಬಲಗಾಲೊಂದರಲ್ಲೇ ತುಳಿಯುತ್ತಿದ್ದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಒಂದೇ ಕಾಲಿನ ತುಳಿತಕ್ಕೆ ಹ್ಯಾಂಡಲ್ ಸೊಟ್ಟಗಾಗುತ್ತಿತ್ತು, ಗಾಡಿ ಉಬ್ಬನ್ನು ಓರೆಯಾಗಿ ಹತ್ತುತ್ತಿತ್ತು, ಬಲದ ಚಕ್ರ ಧೊಪ್ಪನೆ ಇಳಿಯುತ್ತಿತ್ತು.

"ಊರವರನ್ನೆಲ್ಲ ಅನುಮಾನಿಸಿದೆ. ಕೊನೆಗೆ ಸಿಕ್ಕಿಬಿದ್ದೋಳು ನಾನೇ" ಅನ್ನುತ್ತಾರೆ ಮೊಟ್ಟೆಯಕ್ಕ. ಮುಖದಲ್ಲಿ ನಗುವಿಲ್ಲ; ತನ್ನೊಬ್ಬಳನ್ನು ಪಟ್ಟಿಯಿಂದ ಹೇಗೆ ಬಿಟ್ಟೆ ಎಂಬ ಬೇಸರವಿದೆ.

ಕಾಲು ತೋರಿಸಲು ಹೋದಾಗ ವೈದ್ಯೆ ಪರೀಕ್ಷೆ ಮಾಡಿ ಮಾತ್ರೆ ಬರೆಯಲಿಲ್ಲ. ಸೀಟು ಬದಲಾಯಿಸಿ ಎಂದರಷ್ಟೇ. ಕಾಯಿಲೆಗೆ ಸೈಕಲ್ ಸೀಟು ಬರೆದುಕೊಡುವ ವೈದ್ಯೆಗೆ ಸೈಕಲ್ ಅಂಗಡಿಯವರು ನೆಂಟರಿರಬೇಕೆಂದು ಮೊಟ್ಟೆಯಕ್ಕ ದಾರಿಯುದ್ದಕ್ಕೂ ಲೆಕ್ಕ ಹಾಕಿದರು. ಆದರೂ ಸೈಕಲ್ ಅಂಗಡಿಗೆ ಹೋದರು. ತಾರೀಖು ಹದಿಮೂರಾಗಿತ್ತು.

ಅಂಗಡಿಯವರು ಮೊದಲು ಮಾಡಿದ ಕೆಲಸ ಹಳೇ ಸೀಟಿನ ಹೊದಿಕೆ ಬಿಚ್ಚಿದ್ದು. ಒಂದು ಬಿಚ್ಚಿದರೆ ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಸೀಟು ಗಟ್ಟಿಯಾಯಿತು ಎಂದಾಗಲೆಲ್ಲ ದರ್ಜಿ ಗಂಡ ಒಂದು ಪದರ ಹೊಲಿದುಕೊಟ್ಟಿದ್ದರು. ನೀಲಿ ಪ್ಯಾಂಟು, ಕಂದು ಪ್ಯಾಂಟು, ಯಾರೋ ಸರಿ ಮಾಡಲು ಕೊಟ್ಟು ವಾಪಸು ಒಯ್ಯಲು ಬಾರದ ಕೋಟು, ಹೀಗೆ ಒಂಬತ್ತು ಪದರ. ಜೊತೆಗೆ ಬಂದಿದ್ದ ಗಂಡ ಪ್ರತಿ ಪದರಕ್ಕೂ ಅದು ಯಾರದ್ದೆಂದು ಹೇಳುತ್ತ ನಿಂತರು. ಅಂಗಡಿಯವರು ಹೊಲಿಗೆ ಚೆನ್ನಾಗಿದೆ, ಸೀಟೇ ಇಲ್ಲ ಎಂದರು. ಗಂಡ ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಹೆಂಡತಿಯ ಮುಖ ನೋಡಿದರು.

ಸೀಟು ಆರಿಸುವುದು ಇಷ್ಟು ಕಷ್ಟವೆಂದು ಯಾರೂ ಅಂದುಕೊಂಡಿರಲಿಲ್ಲ. ಗೋಡೆಯಲ್ಲಿ ನಲವತ್ತು ಸೀಟು ತೂಗುತ್ತಿದ್ದವು. ಮೊಟ್ಟೆಯಕ್ಕ ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿದರು, ಮಗುಚಿ ತಳ ನೋಡಿದರು, ಮೂಸಿದರು. ಗಂಡನ ಮನಸ್ಸು ಹೋದದ್ದು ದಿಂಬಿನಂತೆ ಉಬ್ಬಿದ ಒಂದರ ಮೇಲೆ. ಅದರೊಳಗೆ ಏನೋ ಅಂಟಿನಂಥದು ತುಂಬಿತ್ತು. ಒತ್ತಿದರೆ ಒಳಗೆ ಹೋಗಿ ನಿಧಾನವಾಗಿ ಮೇಲೆ ಬರುತ್ತಿತ್ತು. ನಾಲ್ಕು ದಿನ ಕೂತು ನೋಡಿ, ಬೇಡವಾದರೆ ತನ್ನಿ ಎಂದರು ಅಂಗಡಿಯವರು. ಇಷ್ಟು ಸುಲಭವಾಗಿ ವಾಪಸು ತೆಗೆದುಕೊಳ್ಳುವವನು ಏನೋ ಬಚ್ಚಿಡುತ್ತಿದ್ದಾನೆ ಎಂದು ಮೊಟ್ಟೆಯಕ್ಕನಿಗೆ ಆಗಲೇ ಅನಿಸಿತ್ತು.

ಮೊದಲ ಎರಡು ಕಿಲೋಮೀಟರ್ ಮೋಡದ ಮೇಲೆ ಕೂತಂತಿತ್ತು. ಐದನೆಯದಕ್ಕೆ ಮೋಡ ತಳಕ್ಕಿಳಿದು, ಬದಿಯೆಲ್ಲ ಮೇಲೆದ್ದು, ತೊಡೆಸಂದಿಗೆ ಒತ್ತತೊಡಗಿತು. ಆ ದಿನ ಎಡಗಾಲು ಮೊದಲಿಗಿಂತ ಬೇಗ ಮರಗಟ್ಟಿತು. ಒಡೆದದ್ದು ಹನ್ನೊಂದು. ಮಾರನೆಯ ದಿನ ಮಂಡಿ ಮುಗಿಸಿ ಸೀಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ ಮೇಜಿನ ಮೇಲೆ ಇಟ್ಟರು.

"ಮೆತ್ತಗಿದೆ ಅಂತ ಕೊಟ್ರಲ್ಲ, ಮೆತ್ತಗಿರೋದು ಸೀಟು. ನನಗೇನೂ ಅದು ಮೆತ್ತಗಿರ್ಲಿಲ್ಲ."

ಅಂಗಡಿಯವರು ತಪ್ಪೊಪ್ಪಿಕೊಂಡರು. ಆ ಸೀಟು ಎರಡು ಚಕ್ರದ ಸೈಕಲ್ಲಿಗೆ ಮಾಡಿದ್ದು; ಸೈಕಲ್ ಸವಾರ ಮುಂದಕ್ಕೆ ಬಾಗುತ್ತಾನೆ, ಅರ್ಧ ಭಾರ ಕೈ ಹೊರುತ್ತದೆ. ಈ ಗಾಡಿಯಲ್ಲಿ ನೆಟ್ಟಗೆ ಕೂರಬೇಕು, ಪೂರ್ತಿ ಭಾರ ಕೂರುವ ಎರಡು ಮೂಳೆಗಳ ಮೇಲೆ. ಆ ಮೂಳೆಗಳ ನಡುವೆ ಎಷ್ಟು ಅಂತರವೋ ಅಷ್ಟಗಲದ, ಸ್ವಲ್ಪ ಗಟ್ಟಿಯೇ ಆದ ಸೀಟು ಬೇಕು ಎಂದು ವಿವರಿಸಿದರು. ಅಂತರ ತಿಳಿಯಲು ಪೊಟ್ಟಣದ ರಟ್ಟಿನ ಮೇಲೆ ಒಂದು ನಿಮಿಷ ಕೂರಬೇಕು ಎಂದೂ ಹೇಳಿದರು.

ಹೀಗೆ ಹೇಳಿ ಅವರು ಆಕೆಯ ಮುಖ ನೋಡಿದರು, ತಕ್ಷಣ ಒಳಗಿದ್ದ ಹೆಂಡತಿಯನ್ನು ಕರೆದರು. ಅಂಗಡಿಯ ಹೆಂಗಸು ಮೊಟ್ಟೆಯಕ್ಕನನ್ನು ಪರದೆಯ ಆಚೆ ಒಯ್ದು ಮರದ ಸ್ಟೂಲಿನ ಮೇಲೆ ರಟ್ಟು ಹಾಸಿ ಕೂರಿಸಿದರು. ಎದ್ದಾಗ ರಟ್ಟಿನಲ್ಲಿ ಎರಡು ಗುಳಿ. ನಡುವೆ ಏಳು ಬೆರಳ ಅಂತರ. ಆದರೆ ಎಡದ ಗುಳಿ ಬಲದ್ದಕ್ಕಿಂತ ಎದ್ದು ಕಾಣುವಷ್ಟು ಆಳ. ರಟ್ಟು ಸರಿ ಇಲ್ಲ ಎಂದರು ಮೊಟ್ಟೆಯಕ್ಕ. ಬೇರೆ ರಟ್ಟು ಬಂತು. ಮತ್ತೆ ಎಡವೇ ಆಳ. ಸ್ಟೂಲು ಸರಿ ಇಲ್ಲ ಎಂದರು. ಮನೆಗೆ ಎರಡು ರಟ್ಟು ಕೇಳಿ ಒಯ್ದು ತಮ್ಮದೇ ಸ್ಟೂಲಿನ ಮೇಲೆ ಕೂತರು, ಆಮೇಲೆ ಗಂಡನನ್ನೂ ಕೂರಿಸಿದರು. ದಿನವಿಡೀ ಯಂತ್ರದ ಮುಂದೆ ಕೂರುವ ಗಂಡನ ಎರಡೂ ಗುಳಿ ಒಂದೇ ಸಮ. ಮೂವತ್ತು ವರ್ಷದಿಂದ ಊರವರ ಅಳತೆ ತೆಗೆದ ಆತ ರಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ.

"ನಿನ್ನ ಅಳತೆ ನಾನು ಯಾವತ್ತೂ ತಗೊಂಡೇ ಇರ್ಲಿಲ್ಲ ಕಣೇ" ಎಂದರಂತೆ. ಈ ಮಾತು ಹೇಳುವಾಗ ಮಾತ್ರ ಮೊಟ್ಟೆಯಕ್ಕ ಯಾರನ್ನೂ ಅನುಮಾನಿಸುವುದಿಲ್ಲ.

ಏಳು ಬೆರಳಿನ ಅಂತರಕ್ಕೆ ಒಪ್ಪುವ, ಹಿಂಬದಿ ಅಗಲವಾದ, ಅಡಿಯಲ್ಲಿ ಎರಡು ದಪ್ಪ ಸ್ಪ್ರಿಂಗಿನ ಕಪ್ಪು ಸೀಟೊಂದು ಸಿಕ್ಕಿತು. ನೋಡಲು ಚೆಂದವಿಲ್ಲ. ಚೆಂದವಿಲ್ಲದ್ದೇ ಅವರಿಗೆ ಒಪ್ಪಿಗೆಯಾಯಿತು. ಹತ್ತೊಂಬತ್ತನೆಯ ತಾರೀಖು ಅದನ್ನು ಕೂರಿಸಿಕೊಂಡು ಹೊರಟವರು ಎರಡನೆಯ ಬಾಗಿಲಿಗೂ ಹೋಗದೆ ಗಾಡಿ ತಿರುಗಿಸಿ ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿ ಇನ್ನೂ ತೆರೆದಿರಲಿಲ್ಲ. ಮೇಲಿನ ಮನೆಯ ಕಿಟಕಿಗೆ ಕೇಳುವಂತೆ ಗಂಟೆ ಬಾರಿಸಿದರು. ಅಂಗಡಿಯವರು ಹಲ್ಲುಜ್ಜುವ ಬ್ರಷ್ಷಿನೊಂದಿಗೆ ಇಳಿದು ಬಂದರು.

"ಸೊಟ್ಟ ಸೀಟು ಕೊಟ್ಟಿದೀರಿ. ಬಲಕ್ಕೆ ಎದ್ದು ಹೋಗ್ತಿದೆ. ಬಿದ್ದೇ ಬಿಡ್ತೀನಿ ಅನ್ಸುತ್ತೆ" ಎಂದರು ಮೊಟ್ಟೆಯಕ್ಕ.

ಅಂಗಡಿಯವರು ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು ಗಾಡಿಯನ್ನು ಅಂಗಡಿಯ ಸಮನೆಲಕ್ಕೆ ತಳ್ಳಿ, ಸೀಟಿನ ಮೇಲೆ ಅಡ್ಡಕ್ಕೆ ಒಂದು ಹಲಗೆ ಇಟ್ಟು, ಗಾರೆ ಕೆಲಸದವರು ಬಳಸುವ ರಸಮಟ್ಟ ತಂದು ಅದರ ಮೇಲಿಟ್ಟರು. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಗುಳ್ಳೆಯನ್ನು ಮೊಟ್ಟೆಯಕ್ಕ ನಂಬಲಿಲ್ಲ. ಅದು ನಿಮ್ಮ ಮನೆಯ ಗುಳ್ಳೆ ಎಂದರು. ತಮ್ಮ ಪೆಟ್ಟಿಗೆಯಿಂದ ಒಂದು ಮೊಟ್ಟೆ ತೆಗೆದು ಹಲಗೆಯ ಮೇಲೆ ಉರುಳಲು ಬಿಟ್ಟರು. ಮೊಟ್ಟೆ ಒಮ್ಮೆ ಅತ್ತ, ಒಮ್ಮೆ ಇತ್ತ ಓಲಾಡಿ ಇದ್ದಲ್ಲೇ ನಿಂತಿತು.

ಅಂಗಡಿಯವರು ಸ್ಪ್ಯಾನರ್ ತಂದು ಹೊಸ ಸೀಟು ಬಿಚ್ಚಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯದನ್ನು ಅದೇ ಕಂಬಕ್ಕೆ ಸಿಕ್ಕಿಸಿ, ಅದೇ ಹಲಗೆ ಇಟ್ಟರು. ಈ ಸಲ ಮೊಟ್ಟೆ ಯೋಚಿಸಲಿಲ್ಲ, ಸೀದಾ ಎಡಕ್ಕೆ ಉರುಳಿತು. ಅದು ನೆಲ ಮುಟ್ಟುವ ಮೊದಲೇ ಮೊಟ್ಟೆಯಕ್ಕ ಹಿಡಿದರು. ಹತ್ತೊಂಬತ್ತು ವರ್ಷದ ಕೈ.

ಆಮೇಲೆ ಅಂಗಡಿಯವರು ಬಾಯಿ ತೊಳೆದು ಬಂದು ಬಿಡಿಸಿ ಹೇಳಿದರು. ರಸ್ತೆಯ ನಡು ಎತ್ತರ, ಅಂಚು ಚರಂಡಿಯ ಕಡೆಗೆ ಇಳಿಜಾರು. ಎರಡು ಚಕ್ರದ ಸೈಕಲ್ ಇಳಿಜಾರಿನಲ್ಲೂ ನೆಟ್ಟಗೇ ಹೋಗುತ್ತದೆ. ಮೂರು ಚಕ್ರದ್ದಕ್ಕೆ ಆ ಭಾಗ್ಯವಿಲ್ಲ; ರಸ್ತೆ ಹೇಗೆ ಮಲಗಿದೆಯೋ ಹಾಗೆ ಅದೂ ಮಲಗುತ್ತದೆ. ಹತ್ತೊಂಬತ್ತು ವರ್ಷ ಎಡ ಅಂಚು ಹಿಡಿದೇ ಹೋದದ್ದರಿಂದ ಭಾರವೆಲ್ಲ ಎಡಕ್ಕೆ ಬಿದ್ದು ಸೀಟು ಎಡಕ್ಕೆ ಸವೆದಿದೆ, ಎಡದ ಸ್ಪ್ರಿಂಗು ಕೂತಿದೆ. ಗಂಡನ ಒಂಬತ್ತು ಪದರ ಆ ಸೊಟ್ಟವನ್ನು ಅಂದವಾಗಿ ಮುಚ್ಚಿದೆ. ಮೈ ಅದನ್ನೇ ನೇರ ಎಂದು ಒಪ್ಪಿಕೊಂಡುಬಿಟ್ಟಿದೆ. ಈಗ ನಿಜವಾಗಿ ನೇರ ಇರುವುದು ಸೊಟ್ಟ ಅನಿಸುತ್ತಿದೆ.

"ಒಂದು ವಾರ ಕೊಡಿ ಅಕ್ಕಾ" ಎಂದರು ಅಂಗಡಿಯವರು. "ಸೀಟಿಗಲ್ಲ, ನಿಮ್ಮ ಸೊಂಟಕ್ಕೆ."

ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅದರಲ್ಲಿ ವಾರ ಕೇಳುವ ಮನುಷ್ಯ. ಹೊಸ ಸೀಟಿನ ಮೊದಲ ಮೂರು ದಿನ ಸೊಂಟದ ಬಲಭಾಗ ಇದುವರೆಗೆ ಮಾಡದ ಕೆಲಸ ಮಾಡಿ ಚೀರಿತು. ಒಡೆದದ್ದು ಒಂಬತ್ತು, ಹತ್ತು, ಒಂಬತ್ತು. ಅಂಗಡಿಯಿಂದ ಮನೆಗೆ ತಂದಿಟ್ಟಿದ್ದ ಹಳೇ ಸೀಟನ್ನೇ ಹಾಕಿಸಿಕೊಳ್ಳೋಣವೆಂದು ಆಕೆ ಎರಡು ಸಲ ಚೀಲದಲ್ಲಿ ಹಾಕಿ ಹೊರತೆಗೆದಿಟ್ಟರು. ಗಂಡ ಬಿಸಿನೀರಿನ ಚೀಲಕ್ಕೊಂದು ಹೊದಿಕೆ ಹೊಲಿದುಕೊಟ್ಟರು, ಒಂದೇ ಪದರದ್ದು.

ನಾಲ್ಕನೆಯ ದಿನ ಮೊಟ್ಟೆಯಕ್ಕ ಇನ್ನೊಂದು ಕೆಲಸ ಮಾಡಿದರು. ಅಂಚು ಬಿಟ್ಟು ನಡುರಸ್ತೆಗೆ ಬಂದರು. ಐದೂವರೆಗೆ ಆ ರಸ್ತೆಯಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಆದರೂ ಇಷ್ಟು ವರ್ಷ ಅಂಚಿನಲ್ಲೇ ಹೋಗುತ್ತಿದ್ದರು.

"ಯಾರಿಗೆ ದಾರಿ ಬಿಡ್ತಿದ್ದೆನೋ ಗೊತ್ತಿಲ್ಲ" ಅನ್ನುತ್ತಾರೆ. "ಹಿಂದೆ ತಿರುಗಿ ನೋಡಿದ್ರೆ ಯಾರೂ ಇಲ್ಲ. ನಡುವೆ ಹೋಗೋದಕ್ಕೆ ಮೊದಲನೇ ದಿನ ಸ್ವಲ್ಪ ನಾಚಿಕೆ ಆಯ್ತು."

ನಡುರಸ್ತೆ ಸಮವಾಗಿತ್ತು. ಶಾಲೆ ಗೇಟಿನ ಉಬ್ಬಿಗೆ ಎರಡೂ ಹಿಂಚಕ್ರ ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿದವು. ಇಪ್ಪತ್ತನಾಲ್ಕರಂದು ಒಡೆದದ್ದು ಐದು. ಇಪ್ಪತ್ತಾರಕ್ಕೆ ಎರಡು. ಇಪ್ಪತ್ತೆಂಟನೆಯ ತಾರೀಖು ಹನ್ನೆರಡು ಬಾಗಿಲಿನಿಂದಲೂ ಒಂದೇ ಉತ್ತರ: ಒಂದೂ ಒಡೆದಿಲ್ಲ.

ಇದನ್ನು ಕೇಳಿ ಮಂಡಿಯ ಯಜಮಾನರು ಕನ್ನಡಕ ತೆಗೆದು ಒರೆಸಿದರು. ಎರಡೂವರೆ ಸಾವಿರದಲ್ಲಿ ಒಂದೂ ಒಡೆಯದ ದಿನವನ್ನು ಅವರು ಈ ವ್ಯಾಪಾರದಲ್ಲಿ ಕಂಡಿರಲಿಲ್ಲ. ಆಕೆ ಒಡಕನ್ನು ದಾರಿಯಲ್ಲೇ ಎಲ್ಲೋ ಬಿಸಾಡಿ ಲೆಕ್ಕ ಸರಿ ಮಾಡುತ್ತಿರಬೇಕು, ಇಲ್ಲವೇ ಬೇಕರಿಯವರ ಕೈಕಾಲು ಹಿಡಿದಿರಬೇಕು ಎಂದುಕೊಂಡರು. ಮರುದಿನ ಬೆಳಗ್ಗೆ ಅವರು ಸ್ಕೂಟರ್ ಹತ್ತಿ, ಮಂಕಿ ಟೋಪಿ ಹಾಕಿಕೊಂಡು, ನೂರು ಗಜ ಹಿಂದಿನಿಂದ ಗಾಡಿಯನ್ನು ಹಿಂಬಾಲಿಸಿದರು. ಸ್ಕೂಟರಿನ ಸದ್ದು ಮೊಟ್ಟೆಯಕ್ಕನಿಗೆ ಎರಡನೆಯ ತಿರುವಿನಲ್ಲೇ ಸಿಕ್ಕಿತು. ಬಿರುಕು ಬಿಟ್ಟ ಮೊಟ್ಟೆಯನ್ನು ಸದ್ದಿನಿಂದ ಹಿಡಿಯುವವರಿಗೆ ಸೈಲೆನ್ಸರ್ ಬಿರುಕು ಬಿಟ್ಟ ಸ್ಕೂಟರು ಯಾವ ಲೆಕ್ಕ.

ಬೇಸರವಾಗಲಿಲ್ಲವೇ ಎಂದು ಕೇಳಿದರೆ ಆಕೆಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಯಜಮಾನರ ಜಾಗದಲ್ಲಿ ತಾನಿದ್ದರೆ ಹಿಂದಿನ ದಿನವೇ ಹಿಂಬಾಲಿಸುತ್ತಿದ್ದೆ, ಹಾಳು ಟೋಪಿಯನ್ನೂ ಹಾಕುತ್ತಿರಲಿಲ್ಲ ಎನ್ನುತ್ತಾರೆ. ಅಷ್ಟೇ ಅಲ್ಲ, ಆ ಸೊನ್ನೆ ಮೊಟ್ಟೆಯಕ್ಕನಿಗೂ ರಾತ್ರಿಯಿಡೀ ಸರಿ ಕಂಡಿರಲಿಲ್ಲ. ಯಾವುದೋ ಬೇಕರಿಯವನು ಕನಿಕರಪಟ್ಟು ಸುಳ್ಳು ಹೇಳಿದನೇ ಎಂದು ಅವರೂ ಒಳಗೊಳಗೇ ವಿಚಾರಿಸುತ್ತಿದ್ದರು.

ಎರಡೂ ಸುತ್ತು ಮುಗಿದು ಕೊನೆಯ ಹೋಟೆಲಿನ ಹಿಂಬಾಗಿಲಲ್ಲಿ ಯಜಮಾನರು ಟೋಪಿ ತೆಗೆದು ಎದುರು ಬಂದರು. ಇಬ್ಬರೂ ಸೇರಿ ಖಾಲಿ ಟ್ರೇಗಳ ನಡುವೆ ಕೂತು ಕೊನೆಯ ಹತ್ತು ಟ್ರೇ ತಪಾಸಣೆ ಮಾಡಿದರು. ಯಜಮಾನರು ಕಣ್ಣಲ್ಲಿ, ಆಕೆ ಕಿವಿಯಲ್ಲಿ. ಏಳನೆಯ ಟ್ರೇಯಲ್ಲಿ ಟಪ್ ಅಂತು. ಮೊಟ್ಟೆಯಕ್ಕ ಆ ಮೊಟ್ಟೆಯನ್ನು ಯಜಮಾನರ ಕೈಗಿಟ್ಟರು.

"ತಗೊಳ್ಳಿ. ಒಂದು. ಈಗ ನನಗೂ ನಂಬಿಕೆ ಬಂತು."

ಯಜಮಾನರು ಆ ಮೊಟ್ಟೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಬಿರುಕು ಕಾಣಲಿಲ್ಲ, ಆದರೂ ಒಪ್ಪಿದರು. ವ್ಯಾನಿನವನಿಗೆ ಬರಬೇಡವೆಂದು ಹೇಳುತ್ತೇನೆ ಎಂದರು. ಆಮೇಲೆ, ಹೋಗುವ ಮುನ್ನ, ಗಾಡಿಯ ಹತ್ತಿರ ನಿಂತು ಕಪ್ಪು ಸೀಟನ್ನು ಒಮ್ಮೆ ಒತ್ತಿ, ಇದು ಎಷ್ಟು ದಿನ ಬರುತ್ತದಂತೆ ಎಂದು ಕೇಳಿದರು.

ಮೊಟ್ಟೆಯಕ್ಕ ಖಾಲಿ ಟ್ರೇಗಳನ್ನು ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು, ಸೀಟಿನ ಮೇಲೆ ನೆಟ್ಟಗೆ ಕೂತರು.

"ಅಂಗಡಿಯವರು ಹತ್ತು ವರ್ಷ ಅಂತಾರೆ. ನಾನು ನಂಬಿಲ್ಲ" ಎಂದರು. "ನೋಡೋಣ, ಸೀಟು ನಾನು ಇಬ್ಬರಲ್ಲಿ ಯಾರು ಮೊದಲು ಸವೀತೀವಿ ಅಂತ."